ನಮ್ಮನೆ ಓ ಪೇರ್ ಹುಡುಗಿಗೆ ಕಾರ್ ಇನ್ಶೂರೆನ್ಸ್ ಮಾಡಿಸಿದ ಕಥೆ

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಬ್ಬರಿಗೂ ಆಫೀಸು, ಇಬ್ಬರು ಮಕ್ಕಳು. ಮಗಳನ್ನು ಶಾಲೆಯಿಂದ ಕರೆತರಬೇಕು, ಮಗನನ್ನು ಈಜು ಕ್ಲಾಸಿಗೆ ಬಿಡಬೇಕು. ಕೊನೆಗೆ ಓ ಪೇರ್ ಕರೆಸಿಕೊಂಡೆವು. ಜೆ-1 ವೀಸಾದಲ್ಲಿ ವರ್ಷದ ಮಟ್ಟಿಗೆ ಬಂದು, ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವವರು ಇವರು. ವಯಸ್ಸು 18ರಿಂದ 26. ನಮಗೆ ಸಿಕ್ಕವಳು ಜರ್ಮನಿಯ ಹುಡುಗಿ, 19 ವರ್ಷ. ಅವಳು ಲೈಸೆನ್ಸ್ ಮಾಡಿಸಿ ಒಂದೇ ವರ್ಷ ಆಗಿತ್ತು.

ರೂಮು, ಹಾಸಿಗೆ, ಫೋನು ಎಲ್ಲ ತಿಂಗಳ ಮುಂಚೆಯೇ ತಯಾರು ಮಾಡಿದ್ದೆ. ಕಾರ್ ಇನ್ಶೂರೆನ್ಸ್ ನೆನಪಾದದ್ದು ಅವಳು ಬರಲು ಮೂರು ವಾರ ಇದ್ದಾಗ. ಹುಡುಗಿಯನ್ನು ಆರಿಸುವ ಮೊದಲೇ ವಿಚಾರಿಸಬೇಕಿತ್ತು.

ಏಜೆಂಟ್‌ಗೆ ಫೋನ್ ಮಾಡಿದೆ. ಎರಡು ಕಾರಿಗೆ ಸೇರಿ ಆರು ತಿಂಗಳಿಗೆ ನಾವು ಕಟ್ಟುತ್ತಿದ್ದದ್ದು 1,300 ಡಾಲರ್. ಇವಳ ಹೆಸರು ಸೇರಿದರೆ ಇನ್ನೂ 1,150 ಆಗುತ್ತೆ ಅಂದರು. ನಾನು ಸುಮ್ಮನಾದೆ. ಇಲ್ಲಿ ಒಳ್ಳೆ ಡ್ರೈವರ್ ಅನ್ನಿಸಿಕೊಂಡವರಿಗೆ ಕಾನೂನಿನ ಪ್ರಕಾರವೇ ಕನಿಷ್ಠ ಶೇಕಡಾ 20 ರಿಯಾಯಿತಿ ಇದೆ. ಆದರೆ ಲೈಸೆನ್ಸ್ ಆಗಿ ಮೂರು ವರ್ಷ ಕಳೆದಿರಬೇಕು. ಇವಳಿಗೆ ಅದು ಸಿಗುವ ಮಾತೇ ಇಲ್ಲ. "ಹುಡುಗಿಯರಿಗೆ ಕಡಿಮೆ ಅಲ್ವಾ?" ಅಂತ ನಮ್ಮ ಮನೆಯವರು ಕೇಳಿದರು. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಗಂಡು ಹೆಣ್ಣು ನೋಡಿ ಪ್ರೀಮಿಯಂ ಹಾಕುವಂತಿಲ್ಲ. ಆ ದಾರಿಯೂ ಮುಚ್ಚಿತು.

ಗೆಳತಿಯೊಬ್ಬಳು ಉಪಾಯ ಹೇಳಿದಳು. "ಸುಮ್ನೆ ಹೆಸರು ಹಾಕ್ಬೇಡ ಕಣೇ. ನಿನ್ನ ಒಪ್ಪಿಗೆ ಇದ್ರೆ ಯಾರು ಓಡಿಸಿದ್ರೂ ಕವರ್ ಆಗುತ್ತೆ." ಅದು ಅರ್ಧ ನಿಜ. ಬೆಂಗಳೂರಿಂದ ಬಂದ ಭಾವಮೈದ ಒಂದು ದಿನ ಹಾಲು ತರಲು ಕಾರು ಒಯ್ದರೆ ಆ ಮಾತು. ಇವಳು ನಮ್ಮ ಮನೆಯಲ್ಲೇ ಇರುವವಳು, ದಿನಾ ಓಡಿಸುವವಳು. ಮನೆಯಲ್ಲಿರುವ ಡ್ರೈವರ್‌ಗಳು ಯಾರ್ಯಾರು ಅಂತ ಕಂಪನಿ ಕೇಳಿಯೇ ಕೇಳುತ್ತೆ. ಮುಚ್ಚಿಟ್ಟು ಅಪಘಾತವಾದರೆ ಅದೇ ನೆಪದಲ್ಲಿ ಕೈ ತೊಳೆದುಕೊಳ್ಳಬಹುದು. ಮೇಲಾಗಿ ಅವಳು ನಮ್ಮ ಕೆಲಸಕ್ಕೇ ಹೊರಟಿರುತ್ತಾಳೆ, ಜವಾಬ್ದಾರಿ ನಮ್ಮ ತಲೆಗೂ ಬರುತ್ತೆ. ಹೆಸರು ಹಾಕಿಸಿದೆ.

ಖರ್ಚು ಸ್ವಲ್ಪ ಇಳಿದದ್ದು ಅವಳನ್ನು ಹಳೆಯ ಕೊರೊಲ್ಲಾಗೆ ಮಾತ್ರ ಸೇರಿಸಿದ್ದರಿಂದ. ಹೊಸ ಕಾರಿನ ಕೀ ಕೊಡುವುದಿಲ್ಲ ಅಂತ ಅವಳಿಗೂ ಮೊದಲೇ ಹೇಳಿದೆ. ಆದರೆ ಇನ್ನೊಂದು ಕಡೆ ಬೇಕಂತಲೇ ಜಾಸ್ತಿ ಕಟ್ಟಿದೆ. 2025ರಿಂದ ಇಲ್ಲಿ ಎದುರಿನವರ ನಷ್ಟಕ್ಕೆ ಇರಲೇಬೇಕಾದ ಕನಿಷ್ಠ ಕವರ್ ಅಂದರೆ ಗಾಯಕ್ಕೆ ಒಬ್ಬರಿಗೆ 30 ಸಾವಿರ, ಒಟ್ಟು 60 ಸಾವಿರ, ಆಸ್ತಿಗೆ 15 ಸಾವಿರ ಡಾಲರ್. ನಮ್ಮ ಬೀದಿಯಲ್ಲಿ ಮನೆಗೊಂದು ಟೆಸ್ಲಾ ನಿಂತಿದೆ, 15 ಸಾವಿರ ಯಾವ ಮೂಲೆಗೆ? ಆ ಮಿತಿಗಳನ್ನೆಲ್ಲ ಏರಿಸಿ, ಅದನ್ನೂ ಮೀರಿದ ನಷ್ಟಕ್ಕೆ ಅಂತ ಮೇಲೊಂದು ಹತ್ತು ಲಕ್ಷ ಡಾಲರ್‌ನ ಅಂಬ್ರೆಲಾ ಪಾಲಿಸಿ ಮಾಡಿಸಿದೆ. ಪ್ರೀಮಿಯಂ ಎಲ್ಲ ನಮ್ಮದೇ. ಅವಳ ಕೈಗೆ ಬರುವುದು ವಾರಕ್ಕೆ 195.75 ಡಾಲರ್, ಅದರಲ್ಲಿ ಕೇಳುವುದೇನು?

ಅಮ್ಮ ಹಾಸನದಿಂದ ಫೋನಿನಲ್ಲಿ, "ಆ ಎಳೇ ಹುಡುಗಿ ಕೈಗೆ ಕಾರು ಕೊಟ್ಟು ನನ್ನ ಮೊಮ್ಮಕ್ಕಳನ್ನ ಕಳಿಸ್ತೀಯಾ? ಅದೇ ವಯಸ್ಸಲ್ಲಿ ನೀನು ಸ್ಕೂಟಿ ಸಮೇತ ಚರಂಡಿಗೆ ಬಿದ್ದಿದ್ದೆ, ಮರೆತೆಯಾ?" ಅಂದರು. ಮರೆತಿರಲಿಲ್ಲ. ಅದಕ್ಕೇ ಮೊದಲ ಎರಡು ವಾರ ಪಕ್ಕದಲ್ಲಿ ನಾನೇ ಕೂತೆ.

ಕಾರು ಚೆನ್ನಾಗೇ ಓಡಿಸುತ್ತಿದ್ದಳು. ತೊಡಕಾದದ್ದು ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಕೂಡುರಸ್ತೆಯಲ್ಲಿ. ಜರ್ಮನಿಯಲ್ಲಿ ಬೋರ್ಡ್ ಇಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಇಲ್ಲಿ ಮೊದಲು ಬಂದು ನಿಂತವರಿಗೆ. ಅವಳು ನಿಂತೇ ಇರುತ್ತಿದ್ದಳು, ಮೂರು ಕಡೆಯವರೂ ಕೈಸನ್ನೆ ಮಾಡುತ್ತಿದ್ದರು. ಹಿಂದಿನ ಸೀಟಿನಿಂದ ಮಗಳು "ಗೋ, ಗೋ" ಅಂತ ಕೂಗುತ್ತಿದ್ದಳು. ಕೆಂಪು ದೀಪ ಇದ್ದಾಗಲೂ ಪೂರ್ತಿ ನಿಂತು ನೋಡಿ ಬಲಕ್ಕೆ ತಿರುಗಬಹುದು ಅಂದರೆ ನಂಬಲೇ ಇಲ್ಲ. ಡಿಎಂವಿ, ಅಂದರೆ ಇಲ್ಲಿಯ ಆರ್‌ಟಿಓ, ಕೊಡುವ ನಿಯಮಗಳ ಪುಸ್ತಕ ತೆರೆದು ತೋರಿಸಬೇಕಾಯಿತು.

ಆ ಪುಸ್ತಕ ಹೇಗೂ ಓದಲೇಬೇಕಿತ್ತು. ಅವಳು ತಂದಿದ್ದ ಇಂಟರ್‌ನ್ಯಾಷನಲ್ ಪರ್ಮಿಟ್ ಬರೀ ಅನುವಾದವಿದ್ದಂತೆ, ಕ್ಯಾಲಿಫೋರ್ನಿಯಾ ಅದನ್ನು ಲೈಸೆನ್ಸ್ ಅಂತ ಒಪ್ಪುವುದಿಲ್ಲ. ಜರ್ಮನ್ ಲೈಸೆನ್ಸ್ ನಂಬರಿನ ಮೇಲೆ ಪಾಲಿಸಿಗೆ ಸೇರಿಸಿದ ಕಂಪನಿಯವರು, ಇಲ್ಲಿಯ ಲೈಸೆನ್ಸ್ ಬೇಗ ಮಾಡಿಸಿ ಅಂದಿದ್ದರು. ಅದರ ಲಿಖಿತ ಪರೀಕ್ಷೆಗೆ 36 ಪ್ರಶ್ನೆ, 30 ಸರಿ ಆಗಬೇಕು. ಮೊದಲ ಸಲವೇ ಪಾಸಾದಳು. ವಿಳಾಸದ ಪುರಾವೆಗೇ ಪರದಾಟ. ಅವಳ ಹೆಸರಲ್ಲಿ ಒಂದು ಕರೆಂಟ್ ಬಿಲ್ಲೂ ಇಲ್ಲವಲ್ಲ! ಬ್ಯಾಂಕ್ ಅಕೌಂಟ್ ತೆರೆಸಿ, ಮೊದಲ ಸ್ಟೇಟ್‌ಮೆಂಟ್ ಬರುವ ತನಕ ಕಾದೆವು. ಬಂದ ದಿನವೇ ಅಕೌಂಟ್ ತೆರೆಸಿದ್ದರೆ ಅಷ್ಟು ದಿನ ಉಳಿಯುತ್ತಿತ್ತು.

ಐದನೇ ತಿಂಗಳು ಪಾರ್ಕಿಂಗ್ ಕಟ್ಟಡದ ಕಂಬಕ್ಕೆ ಹಿಂದಿನ ಬಾಗಿಲು ಉಜ್ಜಿಕೊಂಡು ಬಂದಳು. ಕಣ್ಣು ಕೆಂಪಾಗಿತ್ತು. ಮಕ್ಕಳು ಕಾರಿನಲ್ಲಿರಲಿಲ್ಲ, ಕಂಬಕ್ಕೂ ಏನೂ ಆಗಿರಲಿಲ್ಲ. ರಿಪೇರಿಗೆ 640 ಡಾಲರ್ ಅಂದರು. ನಮ್ಮ ಡಿಡಕ್ಟಿಬಲ್, ಅಂದರೆ ಕ್ಲೇಮ್ ಮಾಡಿದರೂ ನಾವೇ ಭರಿಸಬೇಕಾದ ಪಾಲು, 500. ಉಳಿದ 140ಕ್ಕೆ ಯಾರು ಕ್ಲೇಮ್ ಮಾಡುತ್ತಾರೆ? ನಾವೇ ಕೊಟ್ಟೆವು. ಅವಳು ಹಟ ಹಿಡಿದು ಎರಡು ಶನಿವಾರ ಸಂಜೆ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂದಳು. ಬೇಡ ಅಂದೆ. ಓ ಪೇರ್‌ಗಳ ಕೆಲಸ ವಾರಕ್ಕೆ 45 ಗಂಟೆ ದಾಟುವಂತಿಲ್ಲ, ಆ ವಾರಗಳು ಆಗಲೇ ತುಂಬಿದ್ದವು.

ಅವಳು ವಿಮಾನ ಹತ್ತಿದ ದಿನವೇ ಫೋನ್ ಮಾಡಿ ಹೆಸರು ತೆಗೆಸಿದೆ, ಮಿಕ್ಕ ದಿನಗಳ ಪ್ರೀಮಿಯಂ ವಾಪಸ್ ಬಂತು. ವಾರದ ಮೇಲೆ ಅವಳಿಂದ ಮೆಸೇಜು. ಒಂದು ವರ್ಷ ಕ್ಲೇಮ್ ಇಲ್ಲದೆ ಓಡಿಸಿದೆ ಅಂತ ಕಂಪನಿಯಿಂದ ಪತ್ರ ಬೇಕಂತೆ, ಅಲ್ಲಿ ಉಪಯೋಗಕ್ಕೆ ಬಂದರೂ ಬರಬಹುದು ಅಂತ. ತರಿಸಿ ಕಳಿಸಿದೆ. "ಕ್ಲೇಮ್‌ಗಳು: ಸೊನ್ನೆ" ಅಂತಿತ್ತು. ಕೆಳಗೆ ಅವಳು ಒಂದು ಕಂಬದ ಚಿತ್ರ ಬರೆದು ನನಗೇ ವಾಪಸ್ ಕಳಿಸಿದಳು.