ಬೊಗ್ಗನ ಕೊನೆಯ ಮಳೆಗಾಲ

ಹಸು ಕರು ಹಾಕುವಾಗ ಏನು ಮಾಡಬೇಕು, ಅಡಿಕೆಗೆ ಕೊಳೆರೋಗ ಬಂದರೆ ಏನು ಸಿಂಪಡಿಸಬೇಕು ಎಂದು ಕೇಳಿದರೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆ, ಬದಿಯಡ್ಕ ಕಡೆಯ ಯಾವ ಮನೆಯಲ್ಲಿಯೂ ಉತ್ತರ ಸಿಗುತ್ತದೆ. ಮುದಿಯಾದ ನಾಯಿಯನ್ನು ಕೊನೆಯವರೆಗೆ ನೋಡಿಕೊಳ್ಳುವುದು ಹೇಗೆಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮೊದಲೆಲ್ಲ ನಾಯಿಗಳು ಮುದಿಯಾಗುವ ತನಕ ಬದುಕುತ್ತಿದ್ದದ್ದೇ ಕಡಿಮೆ. ಹಾವು ಕಚ್ಚಿಯೋ, ಕಾಡುಹಂದಿ ತಿವಿದೋ, ರಸ್ತೆಯಲ್ಲಿ ಬಸ್ಸಿನಡಿಗೆ ಸಿಕ್ಕಿಯೋ ಹೋಗುತ್ತಿದ್ದವು. ಲಸಿಕೆ ಹಾಕಿಸಿ, ಉಣ್ಣಿಗೆ ಮದ್ದು ಮಾಡಿ ಸಾಕಿದ ನಾಯಿಗಳು ಈಗ ಹದಿಮೂರು ಹದಿನಾಲ್ಕು ವರ್ಷ ಬಾಳುತ್ತವೆ. ನಮ್ಮ ಬೊಗ್ಗ ಹಾಗೆ ಬಾಳಿದವನು. ಊರಿನ ನಾಯಿಯೇ, ಜಾತಿನಾಯಿ ಅಲ್ಲ. ಕಂದು ಮೈ, ಕಪ್ಪು ಮೂತಿ, ಒಂದು ಕಿವಿ ಸದಾ ಮಡಚಿಕೊಂಡಿರುತ್ತಿತ್ತು. ಅವನಿಗೆ ಕಿಡ್ನಿ ಕಾಯಿಲೆ ಬಂದಾಗ ನಾನು ಏನೇನು ಮಾಡಿದೆ, ಕೊನೆಯ ತೀರ್ಮಾನಕ್ಕೆ ಹೇಗೆ ಬಂದೆವು ಎನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ಕಂಡದ್ದು ನೀರಡಿಕೆ. ವೈಶಾಖದ ಸೆಕೆಯಲ್ಲಿ ನಾಯಿ ಹೆಚ್ಚು ನೀರು ಕುಡಿದರೆ ಯಾರಿಗೂ ಅಚ್ಚರಿಯಾಗುವುದಿಲ್ಲ. ಆದರೆ ಮಳೆ ಹಿಡಿದು ಅಂಗಳವೆಲ್ಲ ತಂಪಾದ ಮೇಲೂ ಅವನು ಬೋಗುಣಿ ಖಾಲಿ ಮಾಡಿ ಮತ್ತೆ ನನ್ನ ಮುಖ ನೋಡುತ್ತಿದ್ದ. ಜೀವನದಲ್ಲಿ ಒಮ್ಮೆಯೂ ಜಗಲಿ ಕೊಳೆ ಮಾಡದವನು ರಾತ್ರಿ ಅಲ್ಲೇ ಮೂತ್ರ ಮಾಡತೊಡಗಿದ. ಬೆನ್ನೆಲುಬು ಕೈಗೆ ಸಿಗುವಷ್ಟು ಸೊರಗಿದ. ಬಾಯಿಯಿಂದ ಒಂದು ಬಗೆಯ ಘಾಟು ವಾಸನೆ ಬರುತ್ತಿತ್ತು. ಮುದಿ ನಾಯಿಯಲ್ಲಿ ಈ ನಾಲ್ಕು ಒಟ್ಟಿಗೆ ಕಂಡರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು.

ಹತ್ತಿರದ ಮೃಗಾಸ್ಪತ್ರೆಯ ಡಾಕ್ಟರರು ನೋಡಿ, ರಕ್ತಪರೀಕ್ಷೆಗೂ ಸ್ಕ್ಯಾನಿಂಗಿಗೂ ಮಂಗಳೂರಿಗೆ ಬರೆದುಕೊಟ್ಟರು. ಪೆರ್ಲದಿಂದ ಅಡ್ಯನಡ್ಕ, ವಿಟ್ಲ, ಕಲ್ಲಡ್ಕ ದಾಟಿ ಜೀಪಿನಲ್ಲಿ ಹೋದೆವು. ಬೊಗ್ಗ ದಾರಿಯುದ್ದಕ್ಕೂ ಮಗಳ ತೊಡೆಯ ಮೇಲೆ ತಲೆ ಇಟ್ಟಿದ್ದ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಎಷ್ಟಿದೆ ಎನ್ನುವುದರ ಮೇಲೆ ಈ ಕಾಯಿಲೆಯ ಹಂತ ಹೇಳುತ್ತಾರೆ. ಡೆಸಿಲೀಟರಿಗೆ 1.4 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಮೊದಲನೆಯ ಹಂತ, ಅಲ್ಲಿಂದ ಮೇಲೆ ಎರಡನೆಯದು, 2.8 ದಾಟಿದರೆ ಮೂರನೆಯದು, 5 ದಾಟಿದರೆ ನಾಲ್ಕನೆಯದು, ಅದೇ ಕೊನೆಯದು. ಬೊಗ್ಗ ಮೂರರಲ್ಲಿ ಇದ್ದ. ಕಿಡ್ನಿಯ ಬಹುಪಾಲು ಕೆಟ್ಟ ಮೇಲೆಯೇ ಈ ಸಂಖ್ಯೆ ಏರುವುದರಿಂದ, ಕೆಟ್ಟದ್ದನ್ನು ಸರಿಪಡಿಸುವ ಮಾತಿಲ್ಲ, ಉಳಿದದ್ದನ್ನು ಕಾಪಾಡಬಹುದು ಎಂದರು. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರವೂ ಕಿಡ್ನಿಯನ್ನು ಕೆಡಿಸುತ್ತದೆ, ಅದು ಮೂತ್ರದ ಮೂಲಕ ಮನುಷ್ಯರಿಗೂ ಹರಡುತ್ತದೆ. ಅದು ಅಲ್ಲವೆಂದು ಖಚಿತವಾಗುವ ತನಕ, ನಂತರವೂ, ಅವನ ಮೂತ್ರ ಬಳಿಯುವಾಗ ಕೈಗವಸು ಹಾಕಿಕೊಂಡೆ.

ನಮ್ಮ ಊರಿನ ಡಾಕ್ಟರರು ಕೇರಳದ ತೆಂಕಣ ಜಿಲ್ಲೆಯವರು, ಕನ್ನಡ ಬಾರದು. ಪೇಟೆಯ ವ್ಯವಹಾರಕ್ಕೆ ನನ್ನ ಮಲಯಾಳ ಸಾಕಾಗುತ್ತದೆ, ಆದರೆ ಕಾಯಿಲೆಯ ಮಾತು ಅಷ್ಟರಲ್ಲಿ ಮುಗಿಯುವುದಿಲ್ಲ. ಹಾಗಾಗಿ ಪ್ರತಿ ಸಲ ಪ್ರಶ್ನೆಗಳನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಂಡು, ಮಲಯಾಳ ಮಾಧ್ಯಮದಲ್ಲಿ ಓದಿದ ನೆರೆಮನೆಯ ಹುಡುಗಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಯಾವ ಭಾಷೆಯ ಡಾಕ್ಟರರಾದರೂ ಹೀಗೆ ಬರೆದುಕೊಂಡು ಹೋಗುವುದು ಒಳ್ಳೆಯದು. ಆಸ್ಪತ್ರೆಯ ಮೇಜಿನ ಮೇಲೆ ನಾಯಿ ನಡುಗುತ್ತಿರುವಾಗ ಕೇಳಬೇಕಾದದ್ದು ಒಂದೂ ನೆನಪಿಗೆ ಬರುವುದಿಲ್ಲ.

ಆಹಾರದಲ್ಲಿ ರಂಜಕ (ಫಾಸ್ಫರಸ್) ಕಡಿಮೆಯಿರಬೇಕು ಎಂದದ್ದು ನಮಗೆ ಕಷ್ಟವಾಯಿತು. ಕುಚ್ಚಲಕ್ಕಿ ಗಂಜಿ ಮತ್ತು ಮೊಸರಿನಲ್ಲಿ ಬೆಳೆದ ನಾಯಿ ಅವನು. ಎರಡರಲ್ಲಿಯೂ ಅದು ಹೆಚ್ಚು. ಬೆಳ್ತಿಗೆ ಅಕ್ಕಿಯ, ಎಂದರೆ ಕುಚ್ಚದ ಬಿಳಿ ಅಕ್ಕಿಯ, ಮೆತ್ತನೆಯ ಅನ್ನಕ್ಕೆ ಬದಲಾಯಿಸಿದೆವು. ಒಳ್ಳೆಯ ಪ್ರೋಟೀನಿಗೆ ಬೇಯಿಸಿದ ಮೊಟ್ಟೆಯ ಬಿಳಿ ಕೊಡಿ ಎಂದರು. ನಮ್ಮದು ಸಸ್ಯಾಹಾರಿ ಮನೆ. ಅತ್ತೆಯ ಬಳಿ ಹೇಗೆ ಕೇಳುವುದೆಂದು ನಾನು ಹಿಂಜರಿಯುತ್ತಿದ್ದಾಗ ಅವರೇ, "ಕೊಟ್ಟಿಗೆಯ ಹತ್ತಿರ ಹಸುವಿಗೆ ಹುರುಳಿ ಬೇಯಿಸುವ ಒಲೆ ಇದೆಯಲ್ಲ, ಅಲ್ಲಿ ಮಾಡು. ಪಾತ್ರೆ ಬೇರೆ ಇಡು, ಅಷ್ಟೇ" ಎಂದರು. ಕಿಡ್ನಿ ನಾಯಿಗಳಿಗೆಂದೇ ಬರುವ ಪೊಟ್ಟಣದ ಆಹಾರವನ್ನೂ ತಂದೆವು. ಎರಡು ಸಲ ಮೂಸಿ ಬಿಟ್ಟ. ಬೇಡವೆಂದವನ ಬಾಯಿಗೆ ತುರುಕಬೇಡಿ. ಹೊಟ್ಟೆ ತೊಳಸುವಾಗ ಒತ್ತಾಯಿಸಿದರೆ ಆ ಆಹಾರವನ್ನು ಮುಂದೆ ಎಂದೂ ಮುಟ್ಟುವುದಿಲ್ಲ. ಮೊದಲು ವಾಂತಿಗೆ ಮದ್ದು, ಅರ್ಧ ಗಂಟೆಯ ನಂತರ ಬೆಚ್ಚಗಿನ ಅನ್ನ, ಅದೂ ಸ್ವಲ್ಪ ಸ್ವಲ್ಪ. ನೋವಿಗೆಂದು ಮನುಷ್ಯರ ಮಾತ್ರೆ ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ಉಳಿದಿರುವ ಕಿಡ್ನಿಯನ್ನೂ ಮುಗಿಸುತ್ತವೆ.

ನನಗೆ ಅತ್ಯಂತ ಭಯವಿದ್ದದ್ದು ಚರ್ಮದಡಿಗೆ ದ್ರವ ಹಾಕುವ ಕೆಲಸದ ಬಗ್ಗೆ, ಕೊನೆಗೆ ಅತ್ಯಂತ ಸಮಾಧಾನ ಕೊಟ್ಟದ್ದೂ ಅದೇ. ಡಾಕ್ಟರರು ಹೃದಯ ಪರೀಕ್ಷಿಸಿ, ತೂಕಕ್ಕೆ ಸರಿಯಾಗಿ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವ ಎಷ್ಟು ಹಾಕಬೇಕೆಂದು ಬರೆದುಕೊಟ್ಟು, ನನ್ನ ಕೈಯಿಂದಲೇ ಮಾಡಿಸಿ ತೋರಿಸಿದರು. ಹಾಗೆ ಕಲಿಯದೆ ಯಾರೂ ಇದಕ್ಕೆ ಇಳಿಯಬಾರದು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತಣ್ಣನೆ ಹೋಗಲಾಡಿಸುತ್ತಿದ್ದೆ. ಜಗಲಿಯ ಕಂಬದ ಮೊಳೆಗೆ ಅದನ್ನು ತೂಗುಹಾಕಿ, ಕೊಳವೆಯ ಗಾಳಿ ಬಿಟ್ಟು, ಹೆಗಲುಗಳ ನಡುವಿನ ಸಡಿಲ ಚರ್ಮವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬುಡದಲ್ಲಿ ಸೂಜಿ ಸೇರಿಸಬೇಕು. ಎರಡು ಬೆರಳಿನ ನಡುವೆ ಸೂಜಿ ಹಾದುಹೋದದ್ದು ತಿಳಿಯುತ್ತದೆ. ದ್ರವ ಇಳಿಯುತ್ತಿದ್ದಂತೆ ಹೋರಿಯ ಹಿಣಿಲಿನಂಥ ಉಬ್ಬು ಏಳುತ್ತದೆ, ನಂತರ ಒಂದು ಪಕ್ಕಕ್ಕೆ ಜಾರಿ ಕೆಲವು ಗಂಟೆಗಳಲ್ಲಿ ಇಂಗುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗಬೇಕಿಲ್ಲ. ಸೂಜಿ ಪ್ರತಿ ಸಲ ಹೊಸದು. ಬಳಸಿದ್ದನ್ನು ಗಟ್ಟಿ ಡಬ್ಬದಲ್ಲಿ ತುಂಬಿ ಆಸ್ಪತ್ರೆಗೆ ಹಿಂದಿರುಗಿಸುತ್ತಿದ್ದೆ. ಆ ಹೊತ್ತಿನಲ್ಲಿ ಬೊಗ್ಗ ನನ್ನ ಮೊಣಕಾಲಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಮರುದಿನ ಬೆಳಿಗ್ಗೆ ತೋಟದ ದರೆಯವರೆಗೆ ನಡೆಯುತ್ತಿದ್ದ. ಆಷಾಢದ ಮಳೆಯಿಡೀ ನಮಗೆ ಸಿಕ್ಕಿದ ಒಳ್ಳೆಯ ದಿನಗಳೆಲ್ಲ ಆ ಬಾಟಲಿಗಳಿಂದಲೇ.

ಕಾಲು ಸೋತ ಮೇಲೆ ಹಳೆಯ ಬೈರಾಸೊಂದನ್ನು ಹೊಟ್ಟೆಯಡಿಗೆ ಕೊಟ್ಟು ಎತ್ತಿ ಅಂಗಳಕ್ಕೆ ನಡೆಸುತ್ತಿದ್ದೆವು. ಅಡಿಕೆ ಹಾಳೆಗಳ ಮೇಲೆ ಬೈಹುಲ್ಲು, ಅದರ ಮೇಲೆ ದಪ್ಪ ಗೋಣಿ, ಮೇಲೆ ದಿನವೂ ಒಗೆದ ಬಟ್ಟೆ, ಇದು ಅವನ ಹಾಸಿಗೆ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಆ ಹುಣ್ಣಿಗೆ ನೊಣ ಕೂತರೆ ಹುಳವಾಗಲು ಒಂದು ದಿನ ಸಾಕು. ಸೊಳ್ಳೆಪರದೆಯನ್ನು ಹಗಲಿನಲ್ಲಿಯೂ ಕಟ್ಟಿದೆ. ಯಜಮಾನರು ಅಡಿಕೆಗೆ ಸಿಂಪಡಿಸಲು ಬೋರ್ಡೋ ಮದ್ದು ಕಲಸುವ ದಿನಗಳಲ್ಲಿ ಅದಕ್ಕೆ ಹಾಕುವ ಮೈಲುತುತ್ತಿನ ವಿಷದ ನೀರು ಅವನ ಬೋಗುಣಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕಾಯಿತು. ಬಾಯಾರಿದ ನಾಯಿ ಸಿಕ್ಕಿದ ನೀರನ್ನು ಕುಡಿಯುತ್ತದೆ.

ಇಷ್ಟೆಲ್ಲ ಕೈಕೆಲಸ. ಕಲಿಯಬಹುದು. ತೀರ್ಮಾನದ ವಿಷಯ ಹಾಗಲ್ಲ. ಒಂದು ತುತ್ತು ತಿಂದರೆ ಇನ್ನೂ ತಿಂಗಳುಗಟ್ಟಲೆ ಇರುತ್ತಾನೆ ಎನಿಸುತ್ತದೆ, ಸಂಜೆ ನರಳಿದರೆ ಈಗಲೇ ಮುಗಿಯಲಿ ಎನಿಸುತ್ತದೆ. ಮನಸ್ಸು ಹೀಗೆ ತೂಗಾಡುತ್ತಿರುವಾಗ ಅದರ ಮಾತು ಕೇಳಿ ಜೀವದ ಬಗ್ಗೆ ತೀರ್ಮಾನಿಸುವುದು ತಪ್ಪು ಎಂದು ನನಗೆ ಅನಿಸಿತು. ಅಲಿಸ್ ವಿಲ್ಲಾಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ ಇದಕ್ಕೊಂದು ಅಳತೆ ಮಾಡಿಟ್ಟಿದ್ದಾರೆ. ನೋವು, ಹಸಿವು, ಮೈಯಲ್ಲಿನ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎನ್ನುವ ಪ್ರಶ್ನೆ, ಹೀಗೆ ಏಳು ಅಂಶಗಳು. ಒಂದೊಂದಕ್ಕೂ ಹತ್ತರೊಳಗೆ ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಮಗಳ ಹಳೆಯ ನೋಟುಪುಸ್ತಕದಲ್ಲಿ ಪ್ರತಿ ರಾತ್ರಿ ಇದನ್ನು ಬರೆದೆ. ಜೊತೆಗೆ ಬೊಗ್ಗನಿಗೆಂದೇ ಎರಡು ಪ್ರಶ್ನೆ ಸೇರಿಸಿದೆ: ಅಂಗಳದ ಬಾಗಿಲಿನ ತಡಮೆ ಸರಿಸಿದ ಶಬ್ದಕ್ಕೆ ತಲೆ ಎತ್ತಿದನೇ? ಅತ್ತೆಯನ್ನು ಕಂಡು ಬಾಲ ಆಡಿಸಿದನೇ? ನಿಮ್ಮ ನಾಯಿಯ ಬಾಳಿನಲ್ಲಿ ಮುಖ್ಯವಾದದ್ದು ಯಾವುದು ಎಂಬುದು ನಿಮಗೇ ಗೊತ್ತು, ಅದನ್ನೂ ಬರೆಯಿರಿ. ಒಳ್ಳೆಯ ದಿನಗಳಿರುವಾಗಲೇ ಶುರುಮಾಡಬೇಕು, ಇಲ್ಲವಾದರೆ ಹೋಲಿಸಲು ಏನೂ ಇರುವುದಿಲ್ಲ.

ಇಂಜೆಕ್ಷನ್ ಕೊಟ್ಟು ಕಳುಹಿಸುವುದು ಅತ್ತೆಗೆ ಒಪ್ಪಿಗೆ ಇರಲಿಲ್ಲ. "ಕೊಟ್ಟವನು ತೆಗೆದುಕೊಳ್ಳಲಿ, ನಾವು ಯಾರು?" ಎಂದರು. ನಮ್ಮ ಕಡೆ ಹಲವರು ಹೀಗೆಯೇ ನಂಬುತ್ತಾರೆ, ಆ ನಂಬಿಕೆಯಲ್ಲಿ ಜೀವದ ಮೇಲಿನ ಗೌರವವಿದೆ. ನಾನು ವಾದಿಸಲಿಲ್ಲ. ನರಳುತ್ತಿರುವ ಪ್ರಾಣಿಯನ್ನು ಪಶುವೈದ್ಯರು ಹೀಗೆ ಕಳುಹಿಸಲು ಕಾನೂನಿನ ಅಡ್ಡಿಯಿಲ್ಲ ಎಂದಷ್ಟೇ ತಿಳಿಸಿ, ರಾತ್ರಿ ಬರೆದದ್ದನ್ನು ಅವರಿಗೆ ಓದಿಹೇಳುತ್ತಾ ಬಂದೆ. ಅಂಕ ಇಳಿಯಿತು. ಬಾಯಲ್ಲಿ ಹುಣ್ಣಾಗಿ ನೀರನ್ನೂ ಬಿಟ್ಟ. ದ್ರವ ಹಾಕಿದರೂ ಮರುದಿನ ಏಳಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಅವನ ಬಳಿ ಬಹಳ ಹೊತ್ತು ಕೂತಿದ್ದು ಒಳಗೆ ಬಂದು ಹೇಳಿದರು: "ನನ್ನನ್ನು ನೋಡಿಯೂ ಅವನಿಗೆ ಏನೂ ಆಗಲಿಲ್ಲ. ಡಾಕ್ಟರರಿಗೆ ಫೋನ್ ಮಾಡು."

ಡಾಕ್ಟರರು ಕೆಲಸ ಮುಗಿಸಿ ಮನೆಗೇ ಬಂದರು. ಏನು ನಡೆಯುತ್ತದೆಂದು ಮೊದಲೇ ಕೇಳಿ ತಿಳಿದಿದ್ದೆ, ಅದರಿಂದ ಉಪಕಾರವಾಯಿತು. ಮೊದಲು ಮಂಪರಿನ ಇಂಜೆಕ್ಷನ್; ಅದರಲ್ಲಿ ಪೂರ್ತಿ ಅರಿವು ತಪ್ಪಿದ ಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆ ಮದ್ದು ಹೆಚ್ಚಿನ ಪ್ರಮಾಣದಲ್ಲಿ. ಕೆಲವೇ ನಿಮಿಷ. ಕಣ್ಣು ತೆರೆದೇ ಇರುತ್ತದೆ. ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು, ಮೂತ್ರ ಹೋಗಬಹುದು. ಅದು ನೋವಲ್ಲ, ಶರೀರದ ಸ್ನಾಯುಗಳ ಕ್ರಿಯೆ. ಏಳನೆಯ ತರಗತಿಯ ಮಗಳು ತಾನೂ ಇರುತ್ತೇನೆ ಎಂದಳು. ಇದನ್ನೆಲ್ಲ ಅವಳಿಗೂ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಅವನ ಮಡಚಿದ ಕಿವಿಯನ್ನು ಹಿಡಿದುಕೊಂಡೇ ಇದ್ದಳು, ಜೋರಾಗಿ ಅತ್ತಳು. ನಾವೆಲ್ಲರೂ ಅತ್ತೆವು.

ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುವುದರಿಂದ ಬೇಗನೆ ಕಾಲುಗಳನ್ನು ಮಡಚಿ, ಮಲಗಿದಂತೆ ಸರಿಪಡಿಸಿ ಹಳೆಯ ಹತ್ತಿಯ ಸೀರೆಯಲ್ಲಿ ಸುತ್ತಿದೆವು. ಕೊರಳಪಟ್ಟಿ ತೆಗೆದೆವು.

ಹೂಳುವ ಜಾಗದ ಬಗ್ಗೆ ನಮ್ಮ ಕಡೆಯವರು ವಿಶೇಷವಾಗಿ ಯೋಚಿಸಬೇಕು. ಇಲ್ಲಿನ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುತ್ತದೆ. ಮೇಲಿನ ಗುಡ್ಡೆಯಲ್ಲಿ ಬಿದ್ದ ಮಳೆ ಮುರಕಲ್ಲಿನ ತೂತುಗಳಲ್ಲಿ ಇಳಿದೇ ಸುರಂಗಕ್ಕೆ ಸೇರುವುದು. ಹಾಗಾಗಿ ಸುರಂಗದ, ಬಾವಿಯ ಮೇಲ್ಭಾಗದಲ್ಲಿ ಏನನ್ನೂ ಹೂಳಬಾರದು. ತೋಟದಿಂದ ಆಚೆಗೆ, ನೀರು ಬೇರೆ ಕಡೆ ಹರಿಯುವ ಇಳಿಜಾರಿನಲ್ಲಿ ಜಾಗ ಗುರುತಿಸಿದ್ದೆ. ಜೀವವಿರುವಾಗ ಗುಂಡಿ ತೋಡಬಾರದೆಂದು ಅತ್ತೆ ಹೇಳಿದ್ದರಿಂದ ಪೊದೆ ಕಡಿದು ದಾರಿ ಮಾತ್ರ ಮಾಡಿಟ್ಟಿದ್ದೆವು. ಯಜಮಾನರೂ ತೋಟದ ಕೆಲಸಕ್ಕೆ ಬರುವ ಅಣ್ಣನೂ ಪಿಕ್ಕಾಸು ಹಿಡಿದು ಎದೆಮಟ್ಟಕ್ಕೆ ತೋಡಿದರು. ಅಷ್ಟು ಆಳ ಬೇಕೇಬೇಕು. ಕಾಡುಹಂದಿ, ನರಿ ಕೆದಕುತ್ತವೆ. ಇಂಜೆಕ್ಷನ್ನಿನ ಮದ್ದು ಆ ಶರೀರದಲ್ಲಿ ಉಳಿದಿರುವುದರಿಂದ ತಿಂದ ಪ್ರಾಣಿಯೂ ಸಾಯಬಹುದು. ಬೋರ್ಡೋ ಮದ್ದಿಗೆ ತಂದ ಸುಣ್ಣ ಮನೆಯಲ್ಲಿತ್ತು, ಸ್ವಲ್ಪ ಮಣ್ಣು ಮುಚ್ಚಿದ ಮೇಲೆ ಅದನ್ನು ಹರಡಿ, ಮತ್ತೆ ಮಣ್ಣು ತುಂಬಿ, ಮೇಲೆ ಕೆಂಪುಕಲ್ಲುಗಳನ್ನು ಒತ್ತಾಗಿ ಜೋಡಿಸಿದೆವು.

ಪಂಚಾಯತಿನಲ್ಲಿ ಅವನ ಲೈಸೆನ್ಸ್ ಇತ್ತು, ತೀರಿಕೊಂಡನೆಂದು ತಿಳಿಸಿದೆ. ಉಳಿದ ಬಾಟಲಿಗಳನ್ನು ಮೃಗಾಸ್ಪತ್ರೆಗೆ ಕೊಟ್ಟೆ.

ಅನಂತರದ ವಾರಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ಆದರೆ ಒಂದನ್ನು ಬಿಡಲಾರೆ. ಒಂದು ನಾಯಿಗೆ ಇಷ್ಟು ಖರ್ಚೇ, ಇಷ್ಟು ಅಳುವುದೇ ಎಂದು ಕೇಳಿದವರಿದ್ದರು. ಹದಿಮೂರು ವರ್ಷ ನಮ್ಮ ಅಂಗಳ ಕಾದು, ಜ್ವರ ಬಂದ ಮಗಳ ಮಂಚದಡಿಯಿಂದ ಏಳದೆ ಕೂತವನಿಗೆ ಇಷ್ಟೂ ಮಾಡದಿದ್ದರೆ ನಾವು ಎಂಥವರು? ಅವರಿಗೆ ಇದನ್ನೇ ಹೇಳಿದೆ. ನಾಲ್ಕು ಗಂಟೆಗೊಮ್ಮೆ ಎಚ್ಚರಾಗುವುದು ಕೆಲಕಾಲ ನಿಲ್ಲಲಿಲ್ಲ. ಎದ್ದಾಗ ನೋಟುಪುಸ್ತಕ ತೆರೆದು ಆಷಾಢದ ಪುಟಗಳನ್ನು ಓದುತ್ತಿದ್ದೆ. ಬೇಗ ಆಯಿತೇ, ತಡವಾಯಿತೇ ಎಂಬ ಪ್ರಶ್ನೆ ಬಂದಾಗಲೆಲ್ಲ ಆ ಅಂಕಗಳು ಉತ್ತರ ಕೊಟ್ಟವು.

ನೀರ್ಚಾಲಿನ ಸಂಬಂಧಿಕರ ಮನೆಯಲ್ಲಿ ನಾಯಿ ಮರಿ ಹಾಕಿದೆ, ಒಂದನ್ನು ಕೊಡುತ್ತೇವೆ ಎನ್ನುತ್ತಿದ್ದಾರೆ. ಅತ್ತೆಗೂ ಮಗಳಿಗೂ ಈಗಲೇ ಬೇಕು. ನನಗೆ ಇನ್ನೂ ಸ್ವಲ್ಪ ಸಮಯ ಬೇಕು, ಅಡಿಕೆ ಕೊಯ್ಲು ಮುಗಿಯಲಿ ಎಂದು ಹೇಳಿದ್ದೇನೆ.