27 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ಗೆ ಉಪಕರಣ ಆರಿಸಿದ್ದು ಹೀಗೆ: ನನ್ನ ಅನುಭವ

ನಾಲ್ಕಡಿ ರೋಟವೇಟರ್ (ತಿರುಗುವ ಬ್ಲೇಡುಗಳಿಂದ ಮಣ್ಣು ಕಡಿಯುವ ಉಪಕರಣ) ಸಾಕು ಅಂದಾಗ ಒಪ್ಪಿದವರು ಯಾರೂ ಇರಲಿಲ್ಲ. ಐದಡಿ ಹಾಕು, ಏಳು ಹಲ್ಲಿನ ಕಲ್ಟಿವೇಟರ್ ಹಾಕು, 400 ಲೀಟರ್ ಸ್ಪ್ರೇಯರ್ ಟ್ಯಾಂಕ್ ಹಾಕು, ಅಗಲ ಹೆಚ್ಚಿದಷ್ಟೂ ಕೆಲಸ ಬೇಗ ಎನ್ನುವ ಮಾತೇ ಎಲ್ಲರದ್ದೂ. ನಾನು ಎಲ್ಲವನ್ನೂ ಒಂದೊಂದು ಅಳತೆ ಕೆಳಗಿಳಿಸಿಯೇ ಕಟ್ಟಿದೆ. ಈಗ ಇದೇ 27 ಎಚ್‌ಪಿ ಗಾಡಿ ಎಂಜಿನ್ ಉಬ್ಬಸವಿಲ್ಲದೆ, ಮುಂದಿನ ಚಕ್ರ ಏಳದೆ ಕೆಲಸ ಮುಗಿಸುತ್ತಿದೆ. ಬೇಡ ಅಂದವರೇ ಬಂದು ಅಳತೆ ಕೇಳುತ್ತಿದ್ದಾರೆ.

ಬಾನೆಟ್ ಮೇಲೆ ಬರೆದ ಎಚ್‌ಪಿಯನ್ನು ಬದಿಗಿಡಿ. ನೋಡಬೇಕಾದ್ದು ಮೂರು: ಪಿಟಿಓದಲ್ಲಿ (ಉಪಕರಣ ತಿರುಗಿಸಲು ಗಾಡಿಯ ಹಿಂಭಾಗದಲ್ಲಿರುವ ಶಾಫ್ಟ್) ಸಿಗುವ ಎಚ್‌ಪಿ, ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಇರುವ ಅಗಲ, ಉಪಕರಣ ಎತ್ತಿದಾಗ ಮುಂದಿನ ಆಕ್ಸಲ್ ಮೇಲೆ ಉಳಿಯುವ ತೂಕ. 27ರ ಎಂಜಿನ್ ಪಿಟಿಓಗೆ ಕೊಡುವುದು 22-23. ನನ್ನ ಗಾಡಿಯ ಟೈರ್ ಅಗಲ 1.1 ಮೀಟರ್ ಆಸುಪಾಸು. ಹಾಗಾಗಿ 1.2 ಮೀಟರ್ ರೋಟವೇಟರ್ ಎರಡೂ ಕಡೆ ಐದೈದು ಸೆಂಟಿಮೀಟರ್ ಆಚೆ ಚಾಚಿ ಟೈರಿನ ಗುರುತನ್ನು ಅಳಿಸುತ್ತದೆ. ಅದಕ್ಕಿಂತ ಕಿರಿದಾದರೆ ಟೈರ್ ತುಳಿದ ಪಟ್ಟಿ ಗಟ್ಟಿಯಾಗಿಯೇ ಉಳಿಯುತ್ತದೆ. ಅಗಲವಾದರೆ ಎಂಜಿನ್ ಎಳೆಯುವುದಿಲ್ಲ.

ಐದಡಿಯದನ್ನು ಬಾಡಿಗೆಗೆ ತಂದು ಪರೀಕ್ಷಿಸಿದ್ದೇನೆ. ಒಣಗಿದ ಎರೆ ಮಣ್ಣಿನಲ್ಲಿ ನಾಲ್ಕು ಇಂಚು ಇಳಿಸಿದ ಕೂಡಲೇ ನಿಮಿಷಕ್ಕೆ 540 ಸುತ್ತು ಇರಬೇಕಾದ ಪಿಟಿಓ 430ಕ್ಕೆ ಬಿತ್ತು. ರೋಟರ್ ನಿಧಾನವಾದರೆ ಬ್ಲೇಡ್ ಪ್ರತಿ ಸುತ್ತಿಗೆ ದಪ್ಪ ತುಂಡು ಕಡಿಯುತ್ತದೆ. ಹೆಂಟೆ ಒಡೆಯದೆ ಪಕ್ಕಕ್ಕೆ ಉರುಳುತ್ತದೆ. ಆಮೇಲೆ ಎರಡನೇ ಸಲ ಓಡಿಸಲೇಬೇಕು. ಅಗಲದಲ್ಲಿ ಉಳಿಸಿದ ಸಮಯ ಅಲ್ಲಿಗೆ ಹೋಯಿತು, ಜೊತೆಗೆ ಡೀಸೆಲ್ಲೂ. ನಾಲ್ಕಡಿಯಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ ಒಂದೇ ಸಲಕ್ಕೆ ಹದ ಬರುತ್ತದೆ. ತಿರುವು ಸೇರಿ ಎಕರೆಗೆ ಒಂದು ಗಂಟೆ ನಲವತ್ತು ನಿಮಿಷ, ಗಂಟೆಗೆ ಹೆಚ್ಚು ಕಡಿಮೆ ನಾಲ್ಕು ಲೀಟರ್.

ಅಗಲ ಕಡಿಮೆ ಮಾಡಿದ ಮೇಲೆ ಉಳಿದ ಹಣವನ್ನು ಗಟ್ಟಿತನಕ್ಕೆ ಹಾಕಿದೆ. ಪಕ್ಕದ ಚೈನ್ ಡ್ರೈವ್ ಬದಲು ಗೇರ್ ಡ್ರೈವ್, ಶಿಯರ್ ಬೋಲ್ಟ್ (ಅತಿ ಲೋಡ್ ಬಿದ್ದಾಗ ಮುರಿಯುವ ಬೋಲ್ಟ್) ಬದಲು ಸ್ಲಿಪ್ ಕ್ಲಚ್ (ಆಗ ಮುರಿಯದೆ ಜಾರುವ ಫಲಕಗಳು) ಇರುವ ಶಾಫ್ಟ್. ಸ್ಲಿಪ್ ಕ್ಲಚ್ ಮಳೆಗಾಲವೆಲ್ಲ ನಿಂತರೆ ತುಕ್ಕು ಹಿಡಿದು ಫಲಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಅದು ಜಾರುವುದೇ ಇಲ್ಲ. ಕಲ್ಲು ಸಿಕ್ಕ ದಿನ ಗೇರ್‌ಬಾಕ್ಸ್ ಹೋಗುತ್ತದೆ. ಹಂಗಾಮಿಗೆ ಮೊದಲು ಸ್ಪ್ರಿಂಗ್ ನಟ್‌ಗಳನ್ನು ಮುಟ್ಟುವ ಮುನ್ನ ಸ್ಪ್ರಿಂಗುಗಳ ಈಗಿನ ಉದ್ದ ಅಳೆದಿಟ್ಟುಕೊಂಡು, ನಟ್ಟುಗಳೆಲ್ಲವನ್ನೂ ಸಮನಾಗಿ ಒಂದೆರಡು ಸುತ್ತು ಸಡಿಲಿಸಿ, ಒಂದೆರಡು ಸೆಕೆಂಡ್ ಪಿಟಿಓ ಹಾಕಿ ಜಾರಿಸಿ, ಮತ್ತೆ ಅದೇ ಉದ್ದಕ್ಕೆ ಬಿಗಿಯಬೇಕು. ಶಿಯರ್ ಬೋಲ್ಟ್ ಇರುವವರು ಅದು ಪದೇ ಪದೇ ಮುರಿಯುತ್ತದೆಂದು ಗಟ್ಟಿ ದರ್ಜೆಯ ಬೋಲ್ಟ್ ಹಾಕುವುದನ್ನು ಕಂಡಿದ್ದೇನೆ. ಮುರಿಯುವುದೇ ಅದರ ಕೆಲಸ. ಅಲ್ಲಿ ಉಳಿಸಿದ ಒಂದು ಬೋಲ್ಟಿಗೆ ಪ್ರತಿಯಾಗಿ ಗೇರ್‌ಬಾಕ್ಸ್ ರಿಪೇರಿಗೆ ರೋಟವೇಟರ್ ಬೆಲೆಯ ಮೂರನೇ ಒಂದು ಭಾಗ ತೆರಬೇಕಾದೀತು.

ಬ್ಲೇಡು ಒಣಭೂಮಿಗೆ ಎಲ್ ಆಕಾರದ್ದು. ಅಂಟು ಮಣ್ಣಿಗೆ ಸಿ ಆಕಾರದ್ದು, ಅದಕ್ಕೆ ಮಣ್ಣು ಕಡಿಮೆ ಮೆತ್ತಿಕೊಳ್ಳುತ್ತದೆ. ರೋಟರಿನ ಎರಡು ತುದಿಗಳಲ್ಲಿ ಬ್ಲೇಡು ತಿರುಗಿಸಿ ಹಾಕುವ ನನ್ನದೇ ಒಂದು ಕ್ರಮವಿದೆ, ಪಕ್ಕದಲ್ಲಿ ಮಣ್ಣಿನ ಏರು ಬೀಳುವುದು ಅದರಿಂದ ಪೂರ್ತಿ ನಿಂತಿತು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಎಲ್ಲರೂ ಹಾರಿಸಿಬಿಡುವುದು ತೂಕದ ಲೆಕ್ಕವನ್ನು. ಮುಂದಿನ ಚಕ್ರಗಳನ್ನಷ್ಟೇ ತೂಕದ ಸೇತುವೆ ಮೇಲೆ ನಿಲ್ಲಿಸಿ ತೂಗಿಸಿದರೆ ನನ್ನ ಗಾಡಿಯದು 430 ಕೆ.ಜಿ., ಒಟ್ಟು ಸಾವಿರದ ಆಸುಪಾಸು. ಚಕ್ರಾಂತರ ಒಂದೂವರೆ ಮೀಟರ್. 260 ಕೆ.ಜಿ. ರೋಟವೇಟರಿನ ಭಾರಕೇಂದ್ರ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ. 260ನ್ನು 1.2ರಿಂದ ಗುಣಿಸಿ ಒಂದೂವರೆಯಿಂದ ಭಾಗಿಸಿದರೆ 208. ಎತ್ತಿದಾಗ ಮುಂದೆ ಅಷ್ಟು ಕಡಿಮೆಯಾಗುತ್ತದೆ. ಉಳಿಯುವುದು 222, ಅಂದರೆ ಒಟ್ಟು 1260ರಲ್ಲಿ ಶೇ. 18ಕ್ಕೂ ಕಡಿಮೆ. ಸ್ಟಿಯರಿಂಗ್ ಹಿಡಿತಕ್ಕೆ ಕನಿಷ್ಠ ಶೇ. 20 ಬೇಕು. ಮುಂದಿನ ಬಂಪರಿಗೆ 60 ಕೆ.ಜಿ. ತೂಕ ಕಟ್ಟಿದೆ. ಅದು ಮುಂದಿನ ಆಕ್ಸಲ್‌ಗಿಂತ ಅರವತ್ತು ಸೆಂಟಿಮೀಟರ್ ಮುಂದಿರುವುದರಿಂದ 84 ಕೆ.ಜಿ.ಯ ಪರಿಣಾಮ ಕೊಡುತ್ತದೆ, ಪಾಲು ಶೇ. 23ಕ್ಕೆ ಏರುತ್ತದೆ.

400 ಲೀಟರ್ ಸ್ಪ್ರೇಯರ್ ಬೇಡವೆಂದದ್ದು ಇದೇ ಲೆಕ್ಕದಿಂದ. ನೀರು, ಚೌಕಟ್ಟು, ಪಂಪ್ ಸೇರಿ 490 ಕೆ.ಜಿ. ಹಿಂದೆ ತೂಗಿದರೆ ಮುಂದೆ ಉಳಿಯುವುದು 70. ಬದು ಹತ್ತುವಾಗ ಮುಂಭಾಗ ಎದ್ದು ಗಾಡಿ ಹಿಂದಕ್ಕೆ ಮಗುಚುವ ಸ್ಥಿತಿ ಅದು. ಕೈಪಿಡಿಯಲ್ಲಿ ಲಿಫ್ಟ್ 750 ಕೆ.ಜಿ. ಎಂದಿತ್ತಲ್ಲ ಎಂದು ವಾದಿಸುವವರಿದ್ದಾರೆ. ಆ ಅಂಕಿ ಬಹುತೇಕ ಲೋವರ್ ಲಿಂಕ್ (ಉಪಕರಣ ಎತ್ತುವ ಕೆಳಗಿನ ತೋಳು) ತುದಿಯಲ್ಲಿ ಅಳೆದದ್ದು, 610 ಮಿ.ಮೀ. ಹಿಂದಕ್ಕೆ ಹೋದರೆ ಕಾಲು ಭಾಗದಷ್ಟು ಇಳಿಯುತ್ತದೆ. ಮೇಲಾಗಿ, ಹೈಡ್ರಾಲಿಕ್ ಎತ್ತಿತೆಂದ ಮಾತ್ರಕ್ಕೆ ಮುಂದಿನ ಚಕ್ರ ನೆಲದಲ್ಲಿ ಇರುತ್ತದೆ ಎಂದಲ್ಲ. 200 ಲೀಟರ್ ಟ್ಯಾಂಕ್, ಮುಂದೆ ಅದೇ 60 ಕೆ.ಜಿ.: ಪಾಲು ಶೇ. 22. ನೀರು ತುಂಬಿಸಲು ಎರಡು ಪಟ್ಟು ಓಡಾಟ ನಿಜ, ಆದರೆ ಸಾಲಿನ ತುದಿಯಲ್ಲಿ ಹೇಳಿದ ಕಡೆಗೆ ತಿರುಗುತ್ತದೆ.

ಸ್ಪ್ರೇಯರ್ ಪಂಪಿಗೆ ಬೇಕಾದ ಶಕ್ತಿ ಕಡಿಮೆ. 540 ಇಕಾನಮಿ ಪಿಟಿಓ ಇದ್ದರೆ ಅದಕ್ಕೆ ಹಾಕಿ ನೋಡಿ. ಎಂಜಿನ್ ತಗ್ಗಿನಲ್ಲೇ ಓಡಿ 540 ಕೊಡುತ್ತದೆ. ನನಗೆ ಡೀಸೆಲ್ ಕಾಲು ಭಾಗ ಇಳಿಯಿತು. ರೋಟವೇಟರಿಗೆ ಮಾತ್ರ ಅದು ಒಗ್ಗುವುದಿಲ್ಲ, ಲೋಡ್ ಬಿದ್ದೊಡನೆ ಎಂಜಿನ್ ನಿಲ್ಲುತ್ತದೆ.

ಕಲ್ಟಿವೇಟರ್ ವಿಷಯದಲ್ಲಿ ಪ್ರಶ್ನೆ ಪಿಟಿಓದ್ದಲ್ಲ, ಚಕ್ರದ ಹಿಡಿತದ್ದು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಹತ್ತು ಸುತ್ತಿಗೆ ಗಾಡಿ ಎಷ್ಟು ದೂರ ಹೋಗುತ್ತದೆಂದು ಅಳೆಯಿರಿ. ಉಪಕರಣ ಎತ್ತಿಕೊಂಡು ಹೋದರೆ 28.5 ಮೀಟರ್. ಏಳು ಹಲ್ಲು ಇಳಿಸಿದಾಗ 21. ಅಂದರೆ ಶೇ. 26 ಜಾರಿಕೆ, ಡೀಸೆಲ್ಲಿನ ಕಾಲು ಭಾಗ ಟೈರ್ ಸವೆಸಲು ಹೋಯಿತು. ಶೇ. 10ರಿಂದ 15ರೊಳಗೆ ಇದ್ದರೆ ಸರಿ. ಎರಡು ಹಲ್ಲು ಕಳಚಿ ಐದಕ್ಕೆ ಇಳಿಸಿ, 8.3-20 ಟೈರುಗಳಿಗೆ ಮುಕ್ಕಾಲು ಭಾಗ, ಒಂದೊಂದಕ್ಕೆ ಅರವತ್ತು ಲೀಟರ್ ಆಸುಪಾಸು, ನೀರು ತುಂಬಿಸಿದೆ. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ ವಾಲ್ವ್ ಮಟ್ಟದವರೆಗೆ ತುಂಬಿಸಿದರೆ ಅದೇ ಮುಕ್ಕಾಲು. ಈಗ ಹತ್ತು ಸುತ್ತಿಗೆ 25 ಮೀಟರ್ ದಾಟುತ್ತದೆ. ಖರ್ಚು ಬರೀ ಒಂದು ಅಡಾಪ್ಟರಿನದು. ಐದು ಹಲ್ಲಿನಲ್ಲಿ ಎರಡನ್ನು ಟೈರಿನ ಜಾಡಿನ ಹಿಂದೆ ಕೂರಿಸಬೇಕು ಎಂಬಷ್ಟನ್ನು ಹೇಳುತ್ತೇನೆ. ಅವುಗಳ ಅಂತರವನ್ನು ನಿಮ್ಮ ಮಣ್ಣಿನಲ್ಲಿ ನೀವೇ ಕಂಡುಕೊಳ್ಳಿ.

ಕಲ್ಟಿವೇಟರಿಗೆ ಡ್ರಾಫ್ಟ್ ಲಿವರ್ (ಎಳೆತದ ಭಾರಕ್ಕೆ ತಕ್ಕಂತೆ ಆಳ ಬದಲಿಸುವುದು), ರೋಟವೇಟರಿಗೂ ಸ್ಪ್ರೇಯರಿಗೂ ಪೊಸಿಷನ್ ಲಿವರ್ (ಇಟ್ಟ ಎತ್ತರದಲ್ಲೇ ಹಿಡಿಯುವುದು). ಚೆಕ್ ಚೈನ್ (ಲಿಂಕ್ ಪಕ್ಕಕ್ಕೆ ಓಲಾಡದಂತೆ ಹಿಡಿಯುವ ಸರಪಳಿ) ಮೊದಲನೆಯದಕ್ಕೆ ತುಸು ಸಡಿಲ, ಉಳಿದೆರಡಕ್ಕೆ ಬಿಗಿ.

ಕೊಳ್ಳುವಾಗ ಪಿನ್ ಅಳತೆ ನೋಡದೆ ಉಪಕರಣ ಹೊರಿಸಬೇಡಿ. ಕೆಟಗರಿ 1ಕ್ಕೆ (ಸಣ್ಣ ಗಾಡಿಗಳ ಜೋಡಣೆಯ ಅಳತೆ) ಲೋವರ್ ಪಿನ್ 22 ಮಿ.ಮೀ., ಟಾಪ್ ಲಿಂಕ್ (ಮೇಲಿನ ತೋಳು) ಪಿನ್ 19. ಕೆಲವು ಸಣ್ಣ ಗಾಡಿಗಳದು 1ಎನ್: ಪಿನ್ ಅದೇ, ಎರಡು ಲಿಂಕ್‌ಗಳ ನಡುವಿನ ಅಗಲ ಮಾತ್ರ ಕಿರಿದು. ಪಿನ್ ಸರಿಹೊಂದಿತೆಂದು ತಂದರೆ ಲಿಂಕ್ ಎಳೆದು ಜೋಡಿಸಬೇಕಾಗುತ್ತದೆ, ತಿರುಗುವಾಗ ಟೈರಿಗೆ ತಾಗುತ್ತದೆ.

ಪಿಟಿಓ ಶಾಫ್ಟನ್ನು ಅಂಗಡಿಯಿಂದ ಬಂದ ಉದ್ದದಲ್ಲೇ ಹಾಕಬಾರದು. ಲಿಫ್ಟನ್ನು ನಿಧಾನಕ್ಕೆ ಏರಿಸಿ ಇಳಿಸಿ ಎರಡು ತುದಿಗಳ ಅಂತರ ಅತಿ ಕಡಿಮೆಯಾಗುವ ಜಾಗ ಹುಡುಕಿ. ಅಲ್ಲಿಯೂ ಒಳಗೆ 25 ಮಿ.ಮೀ. ಖಾಲಿ ಉಳಿಯಬೇಕು. ಇಲ್ಲದಿದ್ದರೆ ಶಾಫ್ಟ್ ಗೂಟ ಹೊಡೆದಂತೆ ಗಾಡಿಯ ಪಿಟಿಓ ಬೇರಿಂಗನ್ನೇ ಒತ್ತುತ್ತದೆ. ಅತಿ ಉದ್ದವಾಗುವ ಜಾಗದಲ್ಲಿ ಕೊಳವೆಗಳು ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಕೊಳವೆ ಎರಡನ್ನೂ ಸಮನಾಗಿ ಕತ್ತರಿಸಿ, ರಕ್ಷಾ ಕವಚವನ್ನೂ ಅಷ್ಟೇ ಕತ್ತರಿಸಿ, ಅರದಿಂದ ಅಂಚು ಉಜ್ಜಿ, ಗ್ರೀಸ್ ಹಚ್ಚಿ. ಎರಡೂ ತುದಿಯ ಯೋಕ್ (ಕವಲಿನಂಥ ಜೋಡಣೆ) ಒಂದೇ ನೇರದಲ್ಲಿರಲಿ, ತಪ್ಪಿದರೆ ನಡುಕ ತಪ್ಪುವುದಿಲ್ಲ.

ಕಳೆ ಕೊಚ್ಚಲು ನಾಲ್ಕಡಿ ಸ್ಲಾಷರ್ ತಂದೆ. ಪಿಟಿಓದಲ್ಲಿ ಅಡಿಗೆ ಐದು ಎಚ್‌ಪಿ ಲೆಕ್ಕದಲ್ಲಿ 20 ಸಾಕು. ಇದರ ತೊಂದರೆ ಬೇರೆ: ಕ್ಲಚ್ ತುಳಿದರೂ ಬ್ಲೇಡಿನ ಭಾರದ ಓಟ ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೆ ಹೊಕ್ಕು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಡ್ಯುಯಲ್ ಕ್ಲಚ್ (ಚಕ್ರಕ್ಕೂ ಪಿಟಿಓಗೂ ಬೇರೆ ಬೇರೆ ಕ್ಲಚ್) ಇಲ್ಲದ ಗಾಡಿಯಲ್ಲಿ ಬದುವಿನ ಅಂಚಿನಲ್ಲಿ ಇದು ಪ್ರಾಣಕ್ಕೆ ಕುತ್ತು. ಓವರ್‌ರನ್ನಿಂಗ್ ಕ್ಲಚ್ (ಒಂದೇ ದಿಕ್ಕಿಗೆ ಬಲ ಸಾಗಿಸುವುದು) ಪಿಟಿಓ ತುದಿಗೆ ಹಾಕಿದರೆ ತಳ್ಳುವುದು ನಿಲ್ಲುತ್ತದೆ. ಅದು ಕೆಲವು ಇಂಚು ಉದ್ದ ಸೇರಿಸುವುದರಿಂದ ಶಾಫ್ಟನ್ನು ಮತ್ತೆ ಅಳೆದು ಕತ್ತರಿಸಬೇಕು.

ಹಣದ ಲೆಕ್ಕ: ಎಲ್ಲ ಉಪಕರಣ ಸೇರಿ ಗಾಡಿಯ ಬೆಲೆಯ ಅರ್ಧಕ್ಕಿಂತ ಕಡಿಮೆಯಲ್ಲೇ ಮುಗಿಯಿತು. ಅದರ ಎಂಟನೇ ಒಂದು ಭಾಗ ಮುಂದಿನ ತೂಕ, ಶಾಫ್ಟ್, ಪಿನ್, ಕ್ಲಚ್‌ಗಳಿಗೆ. ಕಲ್ಟಿವೇಟರ್ ಹಳೆಯದನ್ನೇ ಕೊಂಡೆ. ಅದು ಚೌಕಟ್ಟು, ಸ್ಪ್ರಿಂಗು, ಹಲ್ಲು ಅಷ್ಟೇ. ರೋಟವೇಟರನ್ನು ಹೊಸದೇ ತಂದೆ. ಹಳೆಯದನ್ನು ನೋಡಬೇಕೆಂದಿದ್ದರೆ ಗೇರ್‌ಬಾಕ್ಸ್ ಆಯಿಲ್ ತೆಗೆದು ಬೆರಳಲ್ಲಿ ಉಜ್ಜಿ, ಲೋಹದ ಮಿನುಗು ಕಂಡರೆ ಅಲ್ಲಿಗೇ ಬಿಡಿ. ಇನ್‌ಪುಟ್ ಶಾಫ್ಟ್ ಹಿಡಿದು ಅಲ್ಲಾಡಿಸಿ ಸಡಿಲವೆಷ್ಟೆಂದು ನೋಡಿ, ರೋಟರ್ ಕೈಯಲ್ಲಿ ತಿರುಗಿಸಿ ಫ್ಲ್ಯಾಂಜ್ (ಬ್ಲೇಡು ಕೂರುವ ತಟ್ಟೆ) ಓಲಾಡುತ್ತದೆಯೇ ಪರೀಕ್ಷಿಸಿ.

ಗುಂಡಿ ತೋಡುವ ಆಗರ್ ಕೊನೆಗೆ ಬಂತು. ಒಂಬತ್ತು ಇಂಚಿನದು ಈ ಗಾಡಿಗೆ ಸರಾಗ. ಹನ್ನೆರಡರದು ಹಸಿ ಮಣ್ಣಿಗೆ ಮಾತ್ರ. ಒಂದೇ ಸಲ ಪೂರ್ತಿ ಇಳಿಸಿದರೆ ಅದು ಸ್ಕ್ರೂನಂತೆ ನೆಲಕ್ಕೆ ಹೊಕ್ಕು ಕೂರುತ್ತದೆ, ಲಿಫ್ಟ್ ಎತ್ತಲಾರದು. ಅರ್ಧ ಅಡಿಗೊಮ್ಮೆ ಮೇಲೆತ್ತಿ ಮಣ್ಣು ಕೊಡವಿಸಿ. ಆದರೂ ಸಿಕ್ಕಿಬಿದ್ದರೆ ಪಿಟಿಓ ತೆಗೆದು, ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಆಗರಿನ ಕಂಬಕ್ಕೆ ದೊಡ್ಡ ಪೈಪ್ ರೆಂಚ್ ಹಿಡಿಸಿ ಹಿಂದಕ್ಕೆ ತಿರುಗಿಸಿ. ಎರಡು ಮೂರು ಸುತ್ತಿಗೆ ಬಿಡುತ್ತದೆ.