ಹತ್ತು ಹುಡುಗರು, ಒಂದು ಅಕೇಶಿಯಾ ತೋಪು

ಸೇನೆಯಿಂದ ನಿವೃತ್ತನಾಗಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದ ಮೇಲೆ, ಅಗ್ನಿವೀರ ಭರ್ತಿಗೆ ತಯಾರಾಗುವ ಹುಡುಗರಿಗೆ ಬೆಳಗ್ಗೆ ಓಟ, ಸಂಜೆ ಪಾಠ ಹೇಳಿಕೊಡುತ್ತಿದ್ದೇನೆ. ಓಟದಲ್ಲಿ ಅವರು ಗಟ್ಟಿ. ಗುಡ್ಡ ಹತ್ತಿ ಇಳಿದೇ ಬೆಳೆದವರು ಅಲ್ವಾ? ತೊಡಕಾಗುವುದು ಲಿಖಿತ ಪರೀಕ್ಷೆಯಲ್ಲಿ. ಗೈಡ್ ಹಿಡಿದು ಉರು ಹೊಡೆದಿರುತ್ತಾರೆ. ಬ್ರಿಗೇಡ್ ದೊಡ್ಡದೋ, ಡಿವಿಷನ್ ದೊಡ್ಡದೋ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಹಾಗಾಗಿ ಮೊದಲು ಪುಸ್ತಕ ಮುಚ್ಚಿಸುತ್ತೇನೆ. ಹತ್ತು ಜನರನ್ನು ಊರಾಚೆಯ ಅಕೇಶಿಯಾ ತೋಪಿಗೆ ಕರೆದುಕೊಂಡು ಹೋಗುತ್ತೇನೆ. ಕಾಲಾಳು ಪಡೆಯ ಒಂದು ಸೆಕ್ಷನ್ ಅಂದರೆ ಅಷ್ಟೇ ಜನ. ಒಬ್ಬ ಸೆಕ್ಷನ್ ಕಮಾಂಡರ್, ಸಾಮಾನ್ಯವಾಗಿ ಹವಾಲ್ದಾರ್. ಅವನ ಕೆಳಗೆ ಒಬ್ಬ ಟುಐಸಿ, ಅಂದರೆ ಎರಡನೇ ಯಜಮಾನ. ಇನ್ನೊಬ್ಬನ ಕೈಗೆ ಅಡಿಕೆ ದಬ್ಬೆ ಕೊಟ್ಟು, ಇದೇ ನಿನ್ನ ಎಲ್‌ಎಂಜಿ, ಲೈಟ್ ಮೆಷಿನ್ ಗನ್ ಅನ್ನುತ್ತೇನೆ.

ಸೆಕ್ಷನ್ ಮುಂದೆ ಸಾಗುವಾಗ ಜನ ನಿಲ್ಲುವ ಕ್ರಮಗಳನ್ನು ಮಾಡಿಸುತ್ತೇನೆ. ತೋಪಿನ ಪಕ್ಕದ ಖಾಲಿ ಗದ್ದೆಯಲ್ಲಿ ಆ್ಯರೋಹೆಡ್, ಅಂದರೆ ಬಾಣದ ತುದಿಯ ಆಕಾರ, ಚೆನ್ನಾಗಿಯೇ ಬರುತ್ತದೆ. ಮುಂದೆ ಚೂಪು, ಹಿಂದೆ ಎರಡೂ ಕಡೆ ಹರಡಿಕೊಂಡ ಜನ. ತೋಪಿನೊಳಗೆ ಹೊಕ್ಕ ಕೂಡಲೇ ಲಂಟಾನ ಅಡ್ಡ ಬರುತ್ತದೆ. ಎಡತುದಿಯವನಿಗೆ ಕಮಾಂಡರನ ಕೈಸನ್ನೆ ಕಾಣುವುದಿಲ್ಲ. ಯಾರೂ ಹೇಳದೆಯೇ ಹುಡುಗರು ಒಬ್ಬರ ಹಿಂದೆ ಒಬ್ಬರು ಸೇರಿಕೊಳ್ಳುತ್ತಾರೆ. ಅದೇ ಸಿಂಗಲ್ ಫೈಲ್. ಹಿಡಿತ ಸುಲಭ, ಆದರೆ ಎದುರಿಂದ ಗುಂಡು ಬಂದರೆ ಮುಂದಿನ ಒಬ್ಬಿಬ್ಬರಿಗೆ ಮಾತ್ರ ತಿರುಗಿ ಹಾರಿಸಲು ಆಗುತ್ತದೆ. ಕೊನೆಯ ದಾಳಿಗೆ ಎಕ್ಸ್‌ಟೆಂಡೆಡ್ ಲೈನ್, ಎಲ್ಲರೂ ಅಕ್ಕಪಕ್ಕ. ಎಲ್ಲ ಬಂದೂಕೂ ಮುಂದಕ್ಕೆ, ಹಿಡಿತ ಮಾತ್ರ ತೀರಾ ಕಷ್ಟ. ಕಮಾಂಡರ್ ಆದ ಹುಡುಗ ಗಂಟಲು ಹರಿದುಕೊಂಡರೂ ಸಾಲು ನೆಟ್ಟಗಾಗುವುದಿಲ್ಲ.

ಆಗ ಕೇಳುತ್ತೇನೆ, 'ಹತ್ತು ಜನಕ್ಕೇ ಹೀಗಾದರೆ ಎಂಟುನೂರು ಜನರನ್ನು ಒಬ್ಬನೇ ಹೇಗೆ ನಡೆಸ್ತಾನೆ?' ಅಲ್ಲಿಂದ ಮುಂದೆ ಪಾಠ ತಾನಾಗೇ ಸಾಗುತ್ತದೆ. ಮೂರು ಸೆಕ್ಷನ್‌ಗೆ ಒಂದು ಪ್ಲಟೂನ್. ಮೂರು ಪ್ಲಟೂನ್‌ಗೆ ಒಂದು ಕಂಪನಿ, ಸುಮಾರು 120 ಜನ, ಮೇಲೆ ಮೇಜರ್. ನಾಲ್ಕು ರೈಫಲ್ ಕಂಪನಿ, ಜೊತೆಗೆ ಬೆಂಬಲದವು ಸೇರಿ ಬೆಟಾಲಿಯನ್. ನಾವು ಪಲ್ಟನ್ ಅನ್ನುತ್ತೇವೆ, ಅದರ ಯಜಮಾನ ಕರ್ನಲ್. ಕರ್ನಲ್ ಮಾತು ನೇರ ಜವಾನನಿಗೆ ಬರುವುದಿಲ್ಲ. ಕೊನೆಗೆ ಅವನ ಕಿವಿಗೆ ಬೀಳುವುದು ಹವಾಲ್ದಾರನ ದನಿಯೇ. ಮೇಲೆ ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್. ಕಮಾಂಡ್ ಒಟ್ಟು 7, ಅದರಲ್ಲಿ ಶಿಮ್ಲಾದ್ದು ತರಬೇತಿಗೆ. ನಮ್ಮ ರಾಜ್ಯ ಪುಣೆಯ ದಕ್ಷಿಣ ಕಮಾಂಡಿಗೆ ಸೇರುತ್ತದೆ.

ಎಲ್ಲರೂ ಎಡವುವುದು ರೆಜಿಮೆಂಟ್ ಹತ್ತಿರ. ಅದನ್ನು ಈ ಏಣಿಯಲ್ಲಿ ಎಲ್ಲಿಡಬೇಕು? ಕಾಲಾಳು ಪಡೆಯಲ್ಲಾದರೆ ಎಲ್ಲೂ ಇಡಬೇಡಿ, ಅಲ್ಲಿ ಅದು ಬೆಟಾಲಿಯನ್‌ಗಳ ಮನೆತನದ ಹೆಸರಿದ್ದಂತೆ ಅನ್ನುತ್ತೇನೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಅದರ ಬೆಟಾಲಿಯನ್‌ಗಳು ಬೇರೆ ಬೇರೆ ಬ್ರಿಗೇಡಿನ ಕೆಳಗೆ ದುಡಿಯುತ್ತವೆ. ಫಿರಂಗಿ ದಳದಲ್ಲಿ ಕಥೆಯೇ ಬೇರೆ. ಅಲ್ಲಿ ರೆಜಿಮೆಂಟ್ ಅಂದರೆ ಬೆಟಾಲಿಯನ್ ಮಟ್ಟದ್ದು, ಕೆಳಗೆ ಕಂಪನಿಯ ಬದಲು ಬ್ಯಾಟರಿ. ಟ್ಯಾಂಕಿನವರ ರೆಜಿಮೆಂಟಿನಲ್ಲಿ ಬ್ಯಾಟರಿಯ ಜಾಗಕ್ಕೆ ಸ್ಕ್ವಾಡ್ರನ್.

'ಸರ್, ಹಾಗಾದ್ರೆ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕೆಎಸ್‌ಆರ್‌ಪಿ 8ನೇ ಬೆಟಾಲಿಯನ್?' ಅಂತ ಒಬ್ಬನಾದರೂ ಕೇಳೇ ಕೇಳುತ್ತಾನೆ. ಅದು ರಾಜ್ಯದ ಮೀಸಲು ಪೊಲೀಸು ಮಾರಾಯ, ಅಲ್ಲಿ ಮೇಲಿರುವವರು ಕಮಾಂಡೆಂಟ್, ಕರ್ನಲ್ ಅಲ್ಲ. ಬರೆದುಕೋ, ತಪ್ಪು ಉತ್ತರಕ್ಕೆ ಅಂಕ ಕಳೀತಾರೆ.